ನಾಲ್ಕು ಬೆರಳು ಹುಲ್ಲು

“ಗುರುಗಳೇ, ಹನ್ನೆರಡು ಜನರಿಗೆ ಹೇಳುವ ಪಾಠವನ್ನೇ ನಲವತ್ತು ಜನರಿಗೆ ಹೇಳಿದರೆ ನಷ್ಟವೇನು?”

ಶಿಷ್ಯ ಇದನ್ನು ಕೇಳಿದ್ದು ಮಧ್ಯಾಹ್ನದ ಊಟವಾದ ಮೇಲೆ. ಆ ಹೊತ್ತಿನಲ್ಲಿ ಗುರುಗಳು ಮಾತನಾಡುತ್ತಿರಲಿಲ್ಲ. ಬೆಳಿಗ್ಗೆ ಪಾಠ, ಮಧ್ಯಾಹ್ನದಿಂದ ಸಂಜೆ ದೀಪ ಹಚ್ಚುವವರೆಗೆ ಮೌನ. ಮಠದಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಈ ಶಿಷ್ಯನಿಗೂ ಗೊತ್ತಿತ್ತು. ಆದರೆ ಅವನಿಗೆ ಸಂಜೆಯವರೆಗೆ ಕಾಯುವಂತಿರಲಿಲ್ಲ.

ಅವನು ಮಠದ ಬಾಗಿಲು ನೋಡಿಕೊಳ್ಳುವವನು. ಕಲಿಯಬೇಕೆಂದು ಬಂದ ಇಪ್ಪತ್ತೆಂಟು ತರುಣರು ಹೊರಜಗಲಿಯಲ್ಲಿ ಕುಳಿತಿದ್ದರು. ಇಬ್ಬರನ್ನು ಮಾತ್ರ ಆರಿಸಿಕೋ ಎಂದು ಗುರುಗಳು ಬೆಳಿಗ್ಗೆಯೇ ಹೇಳಿದ್ದರು. ಅವನು ಇಪ್ಪತ್ತೆಂಟು ಜನರಿಗೂ ಗಂಟು ಇಳಿಸಿ, ಕೈಕಾಲು ತೊಳೆಯಿರಿ ಎಂದುಬಿಟ್ಟಿದ್ದ. ಹೊಳೆಯಾಚೆಯ ಮಠದಲ್ಲಿ ತೊಂಬತ್ತು ಶಿಷ್ಯರಿದ್ದರು. ದಾರಿಹೋಕರು ಬಂದು ‘ನಿಮ್ಮಲ್ಲಿ ಎಷ್ಟು ಜನ?’ ಎಂದು ಕೇಳಿದಾಗಲೆಲ್ಲ ಹನ್ನೆರಡು ಎನ್ನಲು ಅವನಿಗೆ ನಾಚಿಕೆಯಾಗುತ್ತಿತ್ತು. ಈಗ ಇಪ್ಪತ್ತಾರು ಜನರಿಗೆ ಗಂಟು ಎತ್ತಿಕೊಳ್ಳಿ ಎಂದು ಹೇಳುವುದು ಹೇಗೆ?

“ದೀಪ ಒಂದೇ ಅಲ್ಲವೇ?” ಎಂದು ಅವನು ಸೇರಿಸಿದ. “ಅದರ ಮುಂದೆ ಹನ್ನೆರಡು ಜನ ಕುಳಿತರೂ ನಲವತ್ತು ಜನ ಕುಳಿತರೂ ಎಣ್ಣೆ ಅಷ್ಟೇ ಸಾಕು.”

ಗುರುಗಳು ಅವನನ್ನು ಒಮ್ಮೆ ನೋಡಿದರು. ಮತ್ತೆ ಅಂಗಳದ ಬಿಸಿಲನ್ನು ನೋಡಿದರು.

“ಕೂತುಕೋ,” ಎಂದರು. “ಒಬ್ಬ ರೈತನ ಕತೆ ಹೇಳುತ್ತೇನೆ. ಅವನದೂ ನಿನ್ನ ಲೆಕ್ಕವೇ.”

ಒಂದು ಸೀಮೆಯಲ್ಲಿ ಒಬ್ಬ ರೈತನಿದ್ದ. ಅವನಿಗೆ ಮೂವತ್ತು ಎಕರೆ ಹುಲ್ಲುಗಾವಲು ಇತ್ತು, ಊರವರ ಬಾಯಲ್ಲಿ ಬರೀ ಗಾವಲು. ಒಂದಡಿ ಅಗೆದರೆ ಬಂಡೆ ಸಿಗುವ ನೆಲ. ಅಲ್ಲಿ ನೇಗಿಲು ಇಳಿಯುವುದಿಲ್ಲ, ರಾಗಿ ಬೆಳೆಯುವುದಿಲ್ಲ. ಹುಲ್ಲು ಬೆಳೆಯುತ್ತದೆ. ಹಾಗಾಗಿ ಅವನ ಕಸುಬು ಹೋರಿ ಬೆಳೆಸಿ ಮಾರುವುದು. ಮುಂಗಾರಿನ ಮಳೆಗೆ ಹುಲ್ಲು ಎದ್ದ ಮೇಲೆ ಹಾಲು ಬಿಟ್ಟ ಹೋರಿಗರುಗಳನ್ನು ಕೊಳ್ಳುತ್ತಿದ್ದ. ಮಳೆಗಾಲವೆಲ್ಲ, ಚಳಿಗಾಲವೆಲ್ಲ ಮೇಯಿಸುತ್ತಿದ್ದ. ಸುಗ್ಗಿ ಮುಗಿದು ಜನರ ಕೈಯಲ್ಲಿ ನಾಲ್ಕು ಕಾಸು ಆಡುವಾಗ ದನದ ಸಂತೆಗೆ ಹೊಡೆದುಕೊಂಡು ಹೋಗುತ್ತಿದ್ದ. ಬೇಸಿಗೆಯಲ್ಲಿ ನೆಲವೂ ಖಾಲಿ, ಅವನೂ ಖಾಲಿ.

ಅವನ ಲೆಕ್ಕ ಸರಳವಾಗಿತ್ತು. ವರ್ಷಕ್ಕೆ ಇಪ್ಪತ್ತು ಕರು. ಹತ್ತು ರೂಪಾಯಿಗೆ ಒಂದು ಕೊಳ್ಳುವುದು, ಇಪ್ಪತ್ತೈದಕ್ಕೆ ಮಾರುವುದು. ಉಪ್ಪು, ಹಗ್ಗ, ಸಂತೆಯ ಸುಂಕಕ್ಕೆ ಐವತ್ತು ಹೋದರೆ ಇನ್ನೂರೈವತ್ತು ಉಳಿಯುತ್ತಿತ್ತು. ಊಟಕ್ಕೆ ಕೊರತೆ ಇರಲಿಲ್ಲ, ನಿದ್ರೆಗೂ ಇರಲಿಲ್ಲ.

ರೈತನಿಗೆ ಒಬ್ಬನೇ ಮಗ. ಕರುಗಳನ್ನು ಕಾಯುವವನು ಅವನೇ. ಪಕ್ಕದ ಸೀಮೆಯ ಒಬ್ಬ ಹುಡುಗಿ ಅವನ ಮನಸ್ಸಿಗೆ ಬಂದಿದ್ದಳು. ಹುಡುಗಿಯ ಕಡೆಯಿಂದಲೂ ಅಡ್ಡಿಯಿರಲಿಲ್ಲ. ಆದರೆ ಆ ಮನೆಯಲ್ಲಿ ಅಜ್ಜಿ ಹೂಂ ಅನ್ನದೆ ಒಲೆ ಕೂಡ ಉರಿಯುತ್ತಿರಲಿಲ್ಲ. ದೀಪಾವಳಿ ಕಳೆದ ಮೇಲೆ ಗಂಡಿನ ಮನೆ ನೋಡಲು ಬರುತ್ತೇನೆ ಎಂದು ಅಜ್ಜಿ ಮುಂಗಾರಿಗೆ ಮೊದಲೇ ಹೇಳಿಕಳಿಸಿದಳು.

ಆ ಸೀಮೆಯಲ್ಲಿ ಮನೆ ನೋಡುವ ಕ್ರಮ ಬೇರೆ. ಹೆಣ್ಣಿನ ಕಡೆಯವರು ಸಂಜೆ ಬರುತ್ತಾರೆ, ದನ ಮೇಯ್ದು ಹಿಂತಿರುಗುವ ಹೊತ್ತಿಗೆ. ಮನೆಯೊಳಗೆ ಕಾಲಿಡುವುದಿಲ್ಲ. ದೊಡ್ಡಿಯ ಬಾಗಿಲಲ್ಲಿ ನಿಲ್ಲುತ್ತಾರೆ. ದನವನ್ನು ಬಾಯಿಬಿಟ್ಟು ಎಣಿಸಿದರೆ ದೃಷ್ಟಿಯಾಗುತ್ತದೆ, ಆದ್ದರಿಂದ ಯಾರೂ ಎಣಿಸುವುದಿಲ್ಲ. ಹಿರಿಯರೊಬ್ಬರು ಕೈತುಂಬ ಹುಣಸೆಬೀಜ ಹಿಡಿದಿರುತ್ತಾರೆ. ಒಂದು ತಲೆ ಒಳಗೆ ಬಂದರೆ ಒಂದು ಬೀಜವನ್ನು ಮಡಿಲಿಗೆ ಹಾಕಿಕೊಳ್ಳುತ್ತಾರೆ. ಕೊನೆಗೆ ಮಡಿಲಿನಲ್ಲಿ ಎಷ್ಟು ಬೀಜವಿದೆ ಎನ್ನುವುದರ ಮೇಲೆ ಎಲೆ ಅಡಿಕೆ ತೆಗೆದುಕೊಳ್ಳುವುದೋ, ದಾರಿ ಹಿಡಿಯುವುದೋ ತೀರ್ಮಾನವಾಗುತ್ತದೆ.

ಮುಂಗಾರು ಬಂತು. ಎಂದಿನಂತೆ ರೈತ ಇಪ್ಪತ್ತು ಕರು ಕೊಂಡ. ಮಾರಿದ ವ್ಯಾಪಾರಿ ಹಳೆಯ ಪರಿಚಯದವನು. ಹೊರಡುವ ಮೊದಲು ಅವನು ತಾಂಬೂಲ ಹಾಕಿಕೊಳ್ಳುತ್ತ ಕೇಳಿದ.

“ಮಗನಿಗೆ ಆ ಅಜ್ಜಿಯ ಮನೆಯ ಹೆಣ್ಣಂತೆ?”

“ಮಾತು ನಡೆದಿದೆ.”

“ಎಷ್ಟು ತಲೆ ತೋರಿಸುತ್ತೀಯ?”

“ಇವೇ, ಇಪ್ಪತ್ತು.”

ವ್ಯಾಪಾರಿ ನಕ್ಕುಬಿಟ್ಟ. “ಆ ಮನೆಯವರು ಬೀಜ ತರುವುದು ಸೇರಿನಲ್ಲಿ ಕಣಯ್ಯ. ಇಪ್ಪತ್ತು ಬೀಜ ಅವರ ಮಡಿಲಿನ ಮೂಲೆಗೂ ಸಾಲದು. ನಲವತ್ತು ಮಾಡು. ಮದುವೆಯೂ ಆಯಿತು, ಲಾಭವೂ ದುಪ್ಪಟ್ಟಾಯಿತು. ಇಪ್ಪತ್ತಕ್ಕೆ ಇನ್ನೂರೈವತ್ತು ಉಳಿದರೆ ನಲವತ್ತಕ್ಕೆ ಎಷ್ಟು? ನೀನೇ ಹೇಳು.”

“ಐನೂರು,” ಎಂದ ರೈತ.

ಲೆಕ್ಕದಲ್ಲಿ ತಪ್ಪು ಕಾಣಲಿಲ್ಲ. ನೆಲ ಅದೇ, ಬೇಲಿ ಅದೇ, ಕಾಯುವ ಮಗನೂ ಅವನೇ. ಇಪ್ಪತ್ತು ಕರುಗಳ ಹಿಂದೆ ನಡೆಯುವವನು ನಲವತ್ತರ ಹಿಂದೆಯೂ ನಡೆಯುತ್ತಾನೆ. ಖರ್ಚು ಹೆಚ್ಚುವುದಿಲ್ಲ, ತಲೆ ಮಾತ್ರ ಹೆಚ್ಚುತ್ತದೆ. ರೈತ ಇನ್ನೂ ಇಪ್ಪತ್ತು ಕರು ಕೊಂಡ. ಮಳೆ ಬಿದ್ದ ಮೇಲೆ ಎಲ್ಲರಿಗೂ ಕರು ಬೇಕಾಗುವುದರಿಂದ ಇವಕ್ಕೆ ಹನ್ನೆರಡರಂತೆ ಬಿತ್ತು. ಅವನು ಚೌಕಾಸಿ ಮಾಡಲಿಲ್ಲ.

ಮೊದಲ ತಿಂಗಳು ಏನೂ ತಿಳಿಯಲಿಲ್ಲ. ಮಳೆ ಚೆನ್ನಾಗಿತ್ತು, ಹುಲ್ಲು ಮೊಣಕಾಲಿಗೆ ಬಂದಿತ್ತು. ನಲವತ್ತು ಬೆನ್ನುಗಳು ಗಾವಲಿನ ತುಂಬ ಹರಡಿದ್ದನ್ನು ನೋಡಿ ರೈತನಿಗೆ ತಾನೇ ಎತ್ತರವಾದಂತೆ ಅನ್ನಿಸಿತು.

ಎರಡನೆಯ ತಿಂಗಳು ಹುಲ್ಲು ಪಾದಕ್ಕೆ ಇಳಿಯಿತು. ಮೂರನೆಯ ತಿಂಗಳು ಬೆರಳುದ್ದ ಎದ್ದ ಎಸಳಿನ ಮೇಲೂ ಹಲ್ಲು ಬಿತ್ತು. ಹೊಟ್ಟೆ ತುಂಬಿದ ದನ ಮಧ್ಯಾಹ್ನ ನೆರಳಿನಲ್ಲಿ ಮಲಗಿ ಮೆಲುಕು ಹಾಕುತ್ತದೆ. ಈ ಕರುಗಳು ಮಲಗಲಿಲ್ಲ. ಒಂದು ಬಾಯಿ ಹುಲ್ಲಿಗೆ ಹತ್ತು ಹೆಜ್ಜೆ ನಡೆದವು. ತಿಂದದ್ದೆಲ್ಲ ನಡೆಯುವುದಕ್ಕೇ ಹೋಯಿತು. ಮಳೆ ಬರುತ್ತಲೇ ಇತ್ತು, ಆದರೆ ಹುಲ್ಲು ಏಳಲಿಲ್ಲ. ರೈತ ಆಕಾಶ ನೋಡಿದ, ದೇವರಿಗೆ ಕಾಯಿ ಒಡೆಸಿದ, ಅರವತ್ತು ರೂಪಾಯಿಗೆ ಒಣಹುಲ್ಲು ಕೊಂಡು ತಂದ. ಗಾವಲಿನ ನೆಲವನ್ನು ಮಾತ್ರ ಬಗ್ಗಿ ನೋಡಲಿಲ್ಲ.

“ದೀಪಾವಳಿ ತನಕ ನಿಂತರೆ ಸಾಕು,” ಎಂದು ಮಗನಿಗೆ ಹೇಳಿದ. “ಬೀಜಕ್ಕೇನು, ಕೊಬ್ಬಿದ ಕರುವಾದರೂ ಒಂದೇ, ಬಡಕಲಾದರೂ ಒಂದೇ.”

ಅಜ್ಜಿ ಬಂದಳು. ಜೊತೆಗೆ ಹುಡುಗಿಯ ಅಪ್ಪ, ಸೋದರಮಾವ. ಗಿಡ್ಡ ಮುದುಕಿ, ಕೈಯಲ್ಲಿ ಸಣ್ಣ ಕೋಲು. ದೊಡ್ಡಿಯ ಬಾಗಿಲಿಗೆ ಬಂದು ಸೆರಗು ಬಿಗಿದು ನಿಂತಳು.

ಕರುಗಳು ಬಂದವು. ನಡೆದು ಬರಲಿಲ್ಲ, ಓಡಿ ಬಂದವು. ಒಂದನ್ನೊಂದು ತಳ್ಳಿಕೊಂಡು, ಕೂಗಿಕೊಂಡು, ದೊಡ್ಡಿಯೊಳಗಿನ ಒಣಹುಲ್ಲಿಗೆ ಬಾಯಿ ಹಾಕಿದವು. ಅಜ್ಜಿಯ ಬೀಜಗಳು ಟಪಟಪನೆ ಮಡಿಲಿಗೆ ಬಿದ್ದವು. ಕೊನೆಯ ಕರು ಒಳಗೆ ಬಂದಾಗ ಸೋದರಮಾವ ಬಗ್ಗಿ ನೋಡಿ, ಬಾಯಿಬಿಟ್ಟು ಹೇಳದೆ, ರೈತನಿಗೆ ಎರಡೂ ಕೈಗಳ ಹತ್ತು ಬೆರಳನ್ನು ನಾಲ್ಕು ಸಲ ಬಿಡಿಸಿ ತೋರಿಸಿದ. ಎಲ್ಲರ ಮುಖವೂ ಅರಳಿತು. ರೈತ ಎಲೆ ಅಡಿಕೆಯ ತಟ್ಟೆ ತರಿಸಿದ.

ಅಜ್ಜಿ ತಟ್ಟೆ ಮುಟ್ಟಲಿಲ್ಲ. ಒಂದು ಕರುವಿನ ಎಡಪಕ್ಕೆಯ ಮೇಲೆ ಕೈಯಿಟ್ಟಳು. ಹೊಟ್ಟೆ ತುಂಬಿದ್ದರೆ ಉಬ್ಬಿರಬೇಕಾದ ಜಾಗ. ಅವಳ ಮುಷ್ಟಿ ಆ ಗುಳಿಯಲ್ಲಿ ಕೂತುಬಿಟ್ಟಿತು. ಅವಳು ಬಾಗಿಲು ದಾಟಿ ಗಾವಲಿನ ಕಡೆ ನಡೆದಳು. ಉಳಿದವರು ಹಿಂದೆ ಹೋದರು. ಅಜ್ಜಿ ಕೋಲು ಊರಿ ಕುಳಿತು, ನಾಲ್ಕು ಬೆರಳುಗಳನ್ನು ಜೋಡಿಸಿ, ಕಿರುಬೆರಳು ನೆಲಕ್ಕೆ ತಾಗುವಂತೆ ಹುಲ್ಲಿನ ನಡುವೆ ಅಡ್ಡಲಾಗಿ ನಿಲ್ಲಿಸಿದಳು. ಹುಲ್ಲು ಕಿರುಬೆರಳನ್ನೂ ಮುಚ್ಚಲಿಲ್ಲ.

“ತಮ್ಮಾ,” ಎಂದಳು, “ಇಪ್ಪತ್ತು ಹೋರಿಯ ಮೈಯನ್ನು ನಲವತ್ತು ಚರ್ಮಕ್ಕೆ ಹಂಚಿದ್ದೀಯಲ್ಲ!”

ರೈತ ತಲೆ ತಗ್ಗಿಸಿದ. “ನೀವು ತಲೆ ಎಣಿಸುತ್ತೀರಿ ಅಂತ ತಂದೆ, ಅವ್ವಾ.”

“ನಾವು ಎಣಿಸಿದೆವು, ನೀನು ತುಂಬಿಸಿದೆ. ತಪ್ಪು ಅರ್ಧ ನಮ್ಮದೂ ಹೌದು.” ಅಜ್ಜಿ ಮಡಿಲಿನ ಬೀಜಗಳನ್ನೆಲ್ಲ ಅವನ ಬೊಗಸೆಗೆ ಸುರಿದಳು. “ತಗೋ. ಹುರಿದು ತಿನ್ನು. ನಿನ್ನ ಗಾವಲಿಗಿಂತ ಇದರಲ್ಲಿ ಹೆಚ್ಚು ಮೇವಿದೆ.”

ಹುಡುಗಿಯ ಅಪ್ಪ ನಗು ತಡೆಯಲು ಕೆಮ್ಮಿದ. ರೈತನ ಮಗನ ಮುಖ ಬಿಳುಚಿತು. ಅಜ್ಜಿ ಅವನನ್ನು ನೋಡಿ ಮೆತ್ತಗಾದಳು.

“ನೋಡು, ನಾಲ್ಕು ಬೆರಳಿನ ಮೇಲಿರುವುದು ದನದ ಹುಲ್ಲು. ಕೆಳಗಿರುವುದು ಹುಲ್ಲಿನದೇ ಹುಲ್ಲು. ಅದನ್ನು ಉಂಡೇ ಅದು ಮತ್ತೆ ಏಳುತ್ತದೆ. ನೀವು ಅದರ ಊಟವನ್ನೂ ತಿನ್ನಿಸಿದ್ದೀರಿ. ಇನ್ನು ಅದು ಯಾವುದರ ಬಲದಿಂದ ಏಳಬೇಕು? ಮುಂದಿನ ವರ್ಷ ಇದೇ ತಿಂಗಳು ಬರುತ್ತೇನೆ. ಬೀಜ ತರುವುದಿಲ್ಲ, ಕೈ ತರುತ್ತೇನೆ. ನಾಲ್ಕು ಬೆರಳು ಮುಳುಗಿದರೆ ಮದುವೆಯ ಮಾತು.”

“ಒಂದು ವರ್ಷವೇ!” ಎಂದುಬಿಟ್ಟ ಮಗ. ಆಮೇಲೆ ಧೈರ್ಯ ಮಾಡಿ, “ಅಜ್ಜೀ, ಎರಡು ಬೆರಳು ಮುಳುಗಿದರೆ ಸಾಲದೇ?” ಎಂದ.

“ಎರಡು ಬೆರಳಿಗೆ ಅರ್ಧ ಮದುವೆ,” ಎಂದಳು ಅಜ್ಜಿ. “ಊಟ ಹಾಕಿಸುತ್ತೇನೆ. ಹುಡುಗಿಯನ್ನು ಕಳಿಸುವುದಿಲ್ಲ.”

ಇಲ್ಲಿಗೆ ಗುರುಗಳು ನಿಲ್ಲಿಸಿದರು. ತಂಬಿಗೆಯ ನೀರು ಕುಡಿದರು.

“ಪಾಪ, ಆ ಹುಡುಗ,” ಎಂದ ಶಿಷ್ಯ. “ಮದುವೆ ಆಯಿತೋ ಇಲ್ಲವೋ?”

“ಹುಲ್ಲು ಬೆಳೆಯುವಷ್ಟು ಹೊತ್ತು ಕಾಯಿ,” ಎಂದರು ಗುರುಗಳು. ಮುಂದುವರಿಸಿದರು.

ರೈತ ಸುಗ್ಗಿಯ ತನಕ ಕಾಯಲಿಲ್ಲ. ಕಾಯಲು ಹುಲ್ಲಿರಲಿಲ್ಲ. ವ್ಯಾಪಾರಿಯನ್ನು ಕರೆಸಿದ. ವ್ಯಾಪಾರಿ ನಲವತ್ತು ಕರುಗಳ ಬೆನ್ನುಮೂಳೆ ಸವರಿ, ಹನ್ನೆರಡರಂತೆ ಕೊಡುತ್ತೇನೆ ಎಂದ. ಒಟ್ಟು ನಾನೂರ ಎಂಬತ್ತು. ಕರುಗಳಿಗೆ ನಾನೂರ ನಲವತ್ತು, ಉಪ್ಪು, ಹಗ್ಗ, ಇತರ ಖರ್ಚಿಗೆ ನೂರು, ಒಣಹುಲ್ಲಿಗೆ ಅರವತ್ತು ಹೋಗಿತ್ತು. ಐನೂರು ಲಾಭದ ಜಾಗದಲ್ಲಿ ನೂರ ಇಪ್ಪತ್ತು ನಷ್ಟ ಬಂದು ಕೂತಿತು.

“ತಲೆ ದುಪ್ಪಟ್ಟಾದರೆ ಲಾಭ ದುಪ್ಪಟ್ಟು ಅಂದಿದ್ದೆಯಲ್ಲೋ, ಮಹರಾಯ!” ಎಂದ ರೈತ.

“ಅಂದಿದ್ದೆ,” ಎಂದ ವ್ಯಾಪಾರಿ. ಅವನಿಗೆ ಸ್ವಲ್ಪವೂ ಬೇಸರವಾಗಲಿಲ್ಲ. “ಹುಲ್ಲು ದುಪ್ಪಟ್ಟಾಗಿದ್ದರೆ ಲಾಭವೂ ಆಗುತ್ತಿತ್ತು. ನಾನು ಕರು ಮಾರುವವನು. ಹುಲ್ಲಿನ ವಿಚಾರ ನನ್ನನ್ನು ನೀನು ಕೇಳಲೇ ಇಲ್ಲ.”

ಗಾವಲು ಖಾಲಿಯಾಯಿತು. ಆ ಚಳಿಗಾಲ, ಬೇಸಿಗೆ ಅದರ ಮೇಲೆ ಒಂದು ಗೊರಸೂ ಬೀಳಲಿಲ್ಲ. ಅಪ್ಪ, ಮಗ ಸೇರಿ ಮುಳ್ಳು ಕಡಿದು ತಂದು ಗಾವಲನ್ನು ನಾಲ್ಕು ಭಾಗವಾಗಿ ಬೇಲಿ ಹಾಕಿದರು. ಮುಂಗಾರಿನಲ್ಲಿ ಹುಲ್ಲು ಎದ್ದಿತು, ಆದರೆ ತೆಳ್ಳಗೆ. ರೈತನಿಗೆ ಇಪ್ಪತ್ತು ಕರು ಕೊಳ್ಳುವ ಆಸೆ. ಮಗ ಒಪ್ಪಲಿಲ್ಲ. ದಿನ ಬೆಳಗಾದರೆ ಗಾವಲಿನಲ್ಲಿ ಕುಳಿತು ನಾಲ್ಕು ಬೆರಳು ಊರಿ ನೋಡುವವನು ಅವನು. ಕೊನೆಗೆ ಹದಿನಾರಕ್ಕೆ ನಿಂತರು.

ಕರುಗಳನ್ನು ಒಂದು ಭಾಗದಲ್ಲಿ ಬಿಡುವುದು, ಹುಲ್ಲು ನಾಲ್ಕು ಬೆರಳಿಗೆ ಇಳಿದ ದಿನ ಎಬ್ಬಿಸಿ ಮುಂದಿನ ಭಾಗಕ್ಕೆ ಹೊಡೆಯುವುದು. ನಾಲ್ಕನೆಯದು ಮುಗಿಯುವಷ್ಟರಲ್ಲಿ ಮೊದಲನೆಯದು ಎದ್ದಿರುತ್ತಿತ್ತು. ಮೊದಲನೆಯದು ಏಳದಿದ್ದರೆ ಹುಲ್ಲು ಎದ್ದ ಬೇರೆ ಭಾಗದಲ್ಲೇ ಎರಡು ದಿನ ಸುಧಾರಿಸುವುದು. ಇಷ್ಟೇ ಕ್ರಮ. ನೋಡಿದವರಿಗೆ ಇದು ವಿಚಿತ್ರವಾಗಿತ್ತು. ಕಣ್ಣೆದುರಿಗೆ ಹುಲ್ಲಿರುವಾಗ ದನವನ್ನು ಎಬ್ಬಿಸುವವನನ್ನು ಆ ಊರು ಕಂಡಿರಲಿಲ್ಲ.

“ಏನಯ್ಯಾ, ಹುಲ್ಲಿಗೂ ಮಡಿಯೋ?” ಎಂದು ಬೇಲಿಯಾಚೆಯಿಂದ ಕೂಗಿದರು. ಮಗನನ್ನು ಕಂಡರಂತೂ, “ಬೆರಳು ಜೋಪಾನ ಕಣೋ! ಕರು ಕಚ್ಚಿದರೆ ಮದುವೆ ಮೂರು ಬೆರಳಿಗೆ ಇಳಿಯುತ್ತದೆ,” ಎನ್ನುತ್ತಿದ್ದರು. ಮಗ ತಾನೂ ನಗುತ್ತಿದ್ದ, ಮತ್ತೆ ಕುಳಿತು ಅಳೆಯುತ್ತಿದ್ದ.

ಎರಡನೆಯ ತಿಂಗಳಿಗೇ ಒಂದು ವ್ಯತ್ಯಾಸ ಕಂಡಿತು. ಮಧ್ಯಾಹ್ನ ಕರುಗಳು ಮಲಗತೊಡಗಿದವು. ರೈತ ಮರದ ಕೆಳಗೆ ಕುಳಿತು ಅವು ಮೆಲುಕು ಹಾಕುವುದನ್ನು ನೋಡುತ್ತಿದ್ದ. ನೋಡುತ್ತ ಅವನಿಗೂ ಕಣ್ಣು ಎಳೆಯುತ್ತಿತ್ತು. ಹೋದ ವರ್ಷ ಕಳೆದುಕೊಂಡಿದ್ದ ನಿದ್ರೆ ಹೀಗೆ ಕಂತಿನಲ್ಲಿ ವಾಪಸು ಬಂತು.

ದೀಪಾವಳಿ ಕಳೆಯಿತು. ಅಜ್ಜಿ ಬಂದಳು.

ಕರುಗಳು ದೊಡ್ಡಿಗೆ ನಡೆದು ಬಂದವು. ಓಡಲಿಲ್ಲ, ಕೂಗಲಿಲ್ಲ. ಒಂದಂತೂ ಬಾಗಿಲ ನಡುವೆಯೇ ನಿಂತು ಮೆಲುಕು ಹಾಕಿತು. ಅಜ್ಜಿ ಕೋಲಿನಿಂದ ತಟ್ಟಿದ ಮೇಲೆ ಒಳಗೆ ಹೋಯಿತು.

ಸೋದರಮಾವನಿಗೆ ಹಳೆಯ ಅಭ್ಯಾಸ ಬಿಡಲಿಲ್ಲ. ಬೆರಳು ಮಡಿಸಿ ಎಣಿಸಿ, “ಅತ್ತೆಮ್ಮಾ, ಬರೀ ಹದಿನಾರು,” ಎಂದು ಪಿಸುಗುಟ್ಟಿದ.

“ನೀನು ಉಣ್ಣುವಾಗ ಹೊಟ್ಟೆ ತುಂಬಿತೇ ಅಂತ ನೋಡುತ್ತೀಯೋ, ಎಷ್ಟು ಎಲೆ ಹಾಕಿದರು ಅಂತ ಎಣಿಸುತ್ತೀಯೋ?” ಎಂದಳು ಅಜ್ಜಿ. ಸೋದರಮಾವ ಬೆರಳು ಬಿಡಿಸಿದ.

ಎಲ್ಲರೂ ಗಾವಲಿಗೆ ಹೋದರು. ಅಜ್ಜಿ ಕುಳಿತು ಕೈ ಇಟ್ಟಳು. ಮಗ ಉಸಿರು ಹಿಡಿದು ನಿಂತ. ನಾಲ್ಕು ಬೆರಳು ಮುಳುಗಿದವು. ಹೆಬ್ಬೆರಳೂ ಮುಳುಗಿತು. ಅಜ್ಜಿ ಕೈಯನ್ನು ಹುಲ್ಲಿನೊಳಗೆ ಅತ್ತಿತ್ತ ಆಡಿಸಿದಳು. ಆಮೇಲೆ, “ನನ್ನ ಬಳೆ ಎಲ್ಲಿ ಹೋಯಿತೋ ಕಾಣುತ್ತಿಲ್ಲ. ಎಬ್ಬಿಸ್ರೋ,” ಎಂದಳು. ಎದ್ದವಳೇ ತಟ್ಟೆಯಿಂದ ಎಲೆ ಅಡಿಕೆ ತೆಗೆದುಕೊಂಡಳು.

ಸುಗ್ಗಿ ಮುಗಿದಾಗ ಕರುಗಳು ಸಂತೆಗೆ ಹೋಗಲೇ ಇಲ್ಲ. ವ್ಯಾಪಾರಿಯೇ ದೊಡ್ಡಿಗೆ ಬಂದ. ಬೆನ್ನುಮೂಳೆ ಸವರಿದ. ಮೂಳೆ ಕೈಗೆ ಸಿಗಲಿಲ್ಲ. ಮೂವತ್ತರಂತೆ ಕೊಟ್ಟು ಹದಿನಾರನ್ನೂ ಹೊಡೆದುಕೊಂಡು ಹೋದ. ನಾನೂರ ಎಂಬತ್ತು. ಹೋದ ವರ್ಷ ನಲವತ್ತಕ್ಕೆ ಬಂದ ಹಣವೇ. ಆದರೆ ಈ ಸಲ ಕರುಗಳಿಗೆ ಹೋಗಿದ್ದು ನೂರ ಅರವತ್ತು, ಮೇಲಿನ ಖರ್ಚು ನಲವತ್ತು. ಇನ್ನೂರ ಎಂಬತ್ತು ಉಳಿಯಿತು. ಇಪ್ಪತ್ತು ಕರು ಕಟ್ಟಿದ ಯಾವ ವರ್ಷವೂ ರೈತ ಅಷ್ಟನ್ನು ನೋಡಿರಲಿಲ್ಲ. ತಾನು ಹಿಂದೆ ಕಟ್ಟುತ್ತಿದ್ದ ಇಪ್ಪತ್ತರಲ್ಲೂ ನಾಲ್ಕು ಹೆಚ್ಚಾಗಿದ್ದವು ಎಂದು ಅವನಿಗೆ ಆಗ ತಿಳಿಯಿತು.

ಮಾಘದಲ್ಲಿ ಮದುವೆಯಾಯಿತು. ಊಟದ ಪಂಕ್ತಿಯಲ್ಲಿ ರೈತ ಬೀಗಿತ್ತಿ ಅಜ್ಜಿಯ ಎಲೆಯ ಪಕ್ಕಕ್ಕೆ ಒಂದು ದೊನ್ನೆ ಇಟ್ಟ. ಅದರಲ್ಲಿ ಹುರಿದ ಹುಣಸೆಬೀಜ ಇದ್ದವು. ಸರಿಯಾಗಿ ನಲವತ್ತು.

“ಹಲ್ಲಿಲ್ಲದವಳಿಗೆ ಇದನ್ನು ಕೊಡುತ್ತೀಯಾ, ಪಾಪಿ!” ಎಂದು ಅಜ್ಜಿ ನಕ್ಕಳು. ಪಂಕ್ತಿಯೆಲ್ಲ ನಕ್ಕಿತು.

ಗುರುಗಳು ಕತೆ ನಿಲ್ಲಿಸಿದರು. ಜಗಲಿಯಿಂದ ತರುಣರ ಪಿಸುಮಾತು ಕೇಳಿಸುತ್ತಿತ್ತು. ಅಂಗಳದ ಬಿಸಿಲು ಇನ್ನೂ ತುಳಸಿಕಟ್ಟೆ ಮುಟ್ಟಿರಲಿಲ್ಲ, ದೀಪ ಹಚ್ಚಲು ಬಹಳ ಹೊತ್ತಿತ್ತು.

ಶಿಷ್ಯನಿಗೆ ಸಂತೋಷವಾಗಿತ್ತು. ಕತೆ ಚೆನ್ನಾಗಿತ್ತು, ಹುಡುಗನ ಮದುವೆಯೂ ಆಗಿತ್ತು. ಅವನು ಯೋಚಿಸಿ ಹೇಳಿದ.

“ತಿಳಿಯಿತು ಗುರುಗಳೇ. ನಾವು ಹೋರಿಗರುಗಳು. ನೀವು ರೈತರು. ಎಷ್ಟು ಕರು ಕಟ್ಟಬೇಕು ಎನ್ನುವುದು ನಿಮಗೆ ಗೊತ್ತು. ತಲೆ ಹೆಚ್ಚಾದರೆ ನಾವು ಬಡಕಲಾಗುತ್ತೇವೆ ಎಂಬ ಭಯ ನಿಮಗೆ. ಆದರೆ ಇಲ್ಲಿ ಒಂದು ವ್ಯತ್ಯಾಸವಿದೆ. ಆ ರೈತನ ಹುಲ್ಲು ಮೂವತ್ತು ಎಕರೆ, ಮೇಯ್ದರೆ ಮುಗಿಯುತ್ತದೆ. ನಮ್ಮ ಹುಲ್ಲು ಜ್ಞಾನ. ಅದನ್ನು ಎಷ್ಟು ಜನ ಮೇಯ್ದರೂ, ಯಾವ ಹೊತ್ತಿನಲ್ಲಿ ಮೇಯ್ದರೂ ಮುಗಿಯುವುದಿಲ್ಲ ಎಂದು ನೀವೇ ಪಾಠದಲ್ಲಿ ಹೇಳಿದ್ದೀರಿ. ಆದ್ದರಿಂದ ಇಪ್ಪತ್ತೆಂಟು ಜನರನ್ನೂ ಒಳಗೆ ಕರೆಯಲೇ?”

ಗುರುಗಳು ನಕ್ಕರು. ಬಲಗೈಯ ನಾಲ್ಕು ಬೆರಳುಗಳನ್ನು ಜೋಡಿಸಿ ತಮ್ಮ ಎದೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡರು.

“ಜ್ಞಾನ ಮುಗಿಯುವುದಿಲ್ಲ ಮಗೂ, ಆದರೆ ಈ ಕತೆಯಲ್ಲಿ ಹುಲ್ಲು ನಾನು.”